ಅಂಗಡಿ ನಮ್ಮದು, ಲೈಸನ್ಸ್ ಯಾರದ್ದು?

ಗಲ್ಫಿನಿಂದ ರಜೆಗೆ ಬಂದವರಲ್ಲಿ ‘ಅಲ್ಲಿ ಏನು ಮಾಡ್ತಾ ಇದ್ದೀರಿ?’ ಅಂತ ಕೇಳಿದರೆ ಕೆಲವರು ‘ಸ್ವಂತ ಅಂಗಡಿ’ ಎನ್ನುತ್ತಾರೆ. ಕೇಳಿದ ನಮಗೂ ಹೆಮ್ಮೆ ಆಗುತ್ತದೆ. ಆಗಬೇಕಾದ್ದೇ. ಆದರೆ ಅದರ ಬೆನ್ನಿಗೆ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ನಾವು ಯಾರೂ ಕೇಳುವುದಿಲ್ಲ. ಆ ಅಂಗಡಿಯ ಲೈಸನ್ಸ್ ಯಾರ ಹೆಸರಿನಲ್ಲಿದೆ? ನಿಮ್ಮ ವೀಸಾದಲ್ಲಿ ಏನೆಂದು ಬರೆದಿದೆ? ‘ಸೇಲ್ಸ್‌ಮ್ಯಾನ್’ ಎಂದು ಬರೆದಿದ್ದರೆ, ಬಂಡವಾಳ ಎಷ್ಟೇ ಹಾಕಿರಲಿ, ಅಲ್ಲಿನ ಸರಕಾರದ ಲೆಕ್ಕದಲ್ಲಿ ನೀವು ಆ ಅಂಗಡಿಯ ಸೇಲ್ಸ್‌ಮ್ಯಾನ್ ಮಾತ್ರ.

ಬ್ಯಾರಿ ಎಂಬ ಹೆಸರೇ ವ್ಯಾಪಾರ ಎಂಬ ಅರ್ಥದ ತುಳುವಿನ ‘ಬ್ಯಾರ’ದಿಂದ ಬಂತು ಎನ್ನುವವರಿದ್ದಾರೆ. ಎಪ್ಪತ್ತರ ದಶಕದಿಂದ ಈಚೆಗೆ ನಮ್ಮವರು ಗಲ್ಫಿಗೆ ಹೋದದ್ದು ಹೆಚ್ಚಾಗಿ ಕೆಲಸಕ್ಕೆ. ನಾಲ್ಕು ಕಾಸು ಕೈಗೆ ಬಂದ ಮೇಲೆ ಗ್ರೋಸರಿ, ಕೆಫೆಟೇರಿಯಾ, ಮೊಬೈಲ್ ಅಂಗಡಿ, ಸ್ಪೇರ್ ಪಾರ್ಟ್ಸ್ ಎಂದು ವ್ಯಾಪಾರಕ್ಕೆ ಇಳಿದವರೂ ಬೇಕಾದಷ್ಟು ಮಂದಿ. ಆದರೆ ಆ ಕಾಲದ ಕಾನೂನು ವಿದೇಶಿಯರಿಗೆ ಪೂರ್ತಿ ಮಾಲಕತ್ವ ಕೊಡುತ್ತಿರಲಿಲ್ಲ. ಯುಎಇಯಲ್ಲಿ ಫ್ರೀ ಝೋನ್‌ನ ಹೊರಗೆ ಕಂಪೆನಿ ಮಾಡಬೇಕಾದರೆ ಶೇ. 51ರಷ್ಟು ಪಾಲು ಅಲ್ಲಿನ ಪ್ರಜೆಯ ಹೆಸರಿನಲ್ಲಿ ಇರಬೇಕಿತ್ತು. ಸಣ್ಣ ಅಂಗಡಿಗಳಲ್ಲಂತೂ ಇಡೀ ಲೈಸನ್ಸೇ ಕಫೀಲ್ ಹೆಸರಿನಲ್ಲಿ. ವರ್ಷಕ್ಕೆ ಇಂತಿಷ್ಟು ಅಂತ ಅವರಿಗೆ ಕೊಡುವುದು, ಅಂಗಡಿ ನಾವು ನಡೆಸುವುದು. ನಡುವೆ ಇದ್ದದ್ದು ನಂಬಿಕೆ, ಹೆಚ್ಚೆಂದರೆ ಒಂದು ಖಾಸಗಿ ಕಾಗದ.

ಆ ನಂಬಿಕೆಯನ್ನು ಉಳಿಸಿಕೊಂಡ ಕಫೀಲರು ಬಹಳ ಮಂದಿ ಇದ್ದಾರೆ. ಅವರ ಹೆಸರಿನಲ್ಲಿ ದುಡಿದು ಊರಲ್ಲಿ ಮನೆ ಕಟ್ಟಿದವರು, ಮಕ್ಕಳನ್ನು ಓದಿಸಿದವರು ನಮ್ಮ ಪ್ರತೀ ಮೊಹಲ್ಲಾದಲ್ಲಿದ್ದಾರೆ. ಇಲ್ಲಿ ಯಾರನ್ನೂ ದೂರುವುದು ನಮ್ಮ ಉದ್ದೇಶವಲ್ಲ. ಪ್ರಶ್ನೆ ಬರುವುದು ಆ ಮನುಷ್ಯ ತೀರಿಕೊಂಡ ದಿನ. ಲೈಸನ್ಸ್ ಅವರ ವಾರಸುದಾರರಿಗೆ ಹೋಗುತ್ತದೆ. ಅವರ ಮಕ್ಕಳಿಗೆ ನಿಮ್ಮ ಪರಿಚಯ ಇರಬೇಕೆಂದಿಲ್ಲ. ಅದಕ್ಕಿಂತಲೂ ದೊಡ್ಡ ಪ್ರಶ್ನೆ, ನಮ್ಮವರೇ ತೀರಿಕೊಂಡರೆ ಏನು? ಊರಲ್ಲಿರುವ ಹೆಂಡತಿ ಮಕ್ಕಳು ಯಾವ ಕಾಗದ ಹಿಡಿದು ಯಾವ ಕೋರ್ಟಿಗೆ ಹೋಗಬೇಕು? ಕಂಪೆನಿಯಲ್ಲಿ ದಾಖಲಾದ ಪಾಲು ವಾರಸುದಾರರಿಗೆ ಹೋಗುತ್ತದೆ. ದಾಖಲೆಯಲ್ಲಿ ಇಲ್ಲದ ಪಾಲನ್ನು ಮರಳಿ ಪಡೆಯಲು ವರ್ಷಗಟ್ಟಲೆ ಅಲೆದಾಡಬೇಕು, ಸಿಗುತ್ತದೆ ಎಂಬ ಖಾತ್ರಿಯೂ ಇಲ್ಲ. ಎಷ್ಟೋ ಮನೆಗಳಲ್ಲಿ ಆ ಬಂಡವಾಳ ಹೆಂಡತಿಯ ಬಂಗಾರದಿಂದ, ಉಮ್ಮನ ಜಾಗದಿಂದ ಬಂದದ್ದು ಎಂಬುದನ್ನು ಮರೆಯಬಾರದು.

ಈಗ ಕಾನೂನು ಬದಲಾಗಿದೆ. ಯುಎಇ ಸರಕಾರ 2020ರಲ್ಲಿ ಕಂಪೆನಿ ಕಾನೂನಿಗೆ ತಿದ್ದುಪಡಿ ತಂದಿತು. 2021ರ ಜೂನ್ 1ರಿಂದ ವಿದೇಶಿಯರು ಫ್ರೀ ಝೋನ್ ಹೊರಗೂ ನೂರಕ್ಕೆ ನೂರು ಪಾಲಿನ ಕಂಪೆನಿ ಮಾಡಬಹುದು. ದುಬೈ ಒಂದೇ ಸಾವಿರಕ್ಕೂ ಹೆಚ್ಚು ಬಗೆಯ ವಾಣಿಜ್ಯ, ಕೈಗಾರಿಕಾ ಚಟುವಟಿಕೆಗಳನ್ನು ಹೀಗೆ ತೆರೆದಿಟ್ಟಿದೆ. ಆಯಕಟ್ಟಿನ ಕೆಲವು ಕ್ಷೇತ್ರಗಳು ಮಾತ್ರ ಇದರಿಂದ ಹೊರಗೆ. ಪ್ರತಿಯೊಂದು ಎಮಿರೇಟ್‌ಗೆ ಅದರದ್ದೇ ಪಟ್ಟಿ ಇದೆ. ನಿಮ್ಮ ವ್ಯಾಪಾರ ಆ ಪಟ್ಟಿಯಲ್ಲಿ ಉಂಟಾ ಅಂತ ಆರ್ಥಿಕ ಇಲಾಖೆಯಲ್ಲಿ ವಿಚಾರಿಸುವುದು ಮೊದಲ ಕೆಲಸ. ಹಳೆಯ ಕಂಪೆನಿಗಳೂ ಒಡಂಬಡಿಕೆ ತಿದ್ದಿ ಶೇ. 51ರ ಪಾಲನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ದಾರಿ ಇದೆ. ಕಫೀಲರು ಬದುಕಿರುವಾಗ, ಸಂಬಂಧ ಚೆನ್ನಾಗಿರುವಾಗ ಇದನ್ನು ಮಾಡಿಸಿಕೊಳ್ಳದೆ ಮತ್ತೆ ಯಾವಾಗ?

ವೀಸಾ ಹೇಗೆ ಸಿಗುತ್ತದೆ ಎಂಬ ಬಗ್ಗೆ ನಮ್ಮ ಹುಡುಗರಲ್ಲಿ ತುಂಬಾ ಗೊಂದಲ ಇದೆ. ವ್ಯಾಪಾರಿ ವೀಸಾ ಮೊದಲು, ವ್ಯಾಪಾರ ಆಮೇಲೆ ಅಂತ ತಿಳಿದವರೇ ಜಾಸ್ತಿ. ಕ್ರಮ ಅದರ ಉಲ್ಟಾ. ಮೊದಲು ಕಂಪೆನಿಯ ಹೆಸರು ಕಾಯ್ದಿರಿಸಬೇಕು, ಪ್ರಾಥಮಿಕ ಅನುಮತಿ ಪಡೆಯಬೇಕು. ಪಾಲುದಾರರ ಒಡಂಬಡಿಕೆ ನೋಟರಿಯಲ್ಲಿ ಆಗಬೇಕು. ಅಂಗಡಿ ಕೋಣೆಯ ಬಾಡಿಗೆ ಕರಾರು ನೋಂದಣಿಯಾಗಬೇಕು, ದುಬೈಯಲ್ಲಿ ಇದಕ್ಕೆ ‘ಇಜಾರಿ’ ಎನ್ನುತ್ತಾರೆ. ತಿಂಡಿ ತಿನಿಸಿನ ವ್ಯಾಪಾರವಾದರೆ ಬಲದಿಯಾದ ಒಪ್ಪಿಗೆ ಬೇರೆ ಬೇಕು. ಇಷ್ಟಾದ ಮೇಲೆ ಲೈಸನ್ಸ್. ಲೈಸನ್ಸ್ ಬಂದ ಮೇಲೆ ಕಂಪೆನಿಗೆ ಇಮಿಗ್ರೇಷನ್‌ನಲ್ಲಿ ಕಾರ್ಡ್. ಅದರ ಮೇಲೆ ಮಾಲಕನಿಗೆ ಪಾರ್ಟ್‌ನರ್ ಅಥವಾ ಇನ್ವೆಸ್ಟರ್ ವೀಸಾ, ಮೆಡಿಕಲ್, ಎಮಿರೇಟ್ಸ್ ಐಡಿ. ಸಾಮಾನ್ಯವಾಗಿ ಈ ವೀಸಾ ಎರಡು ವರ್ಷದ್ದು. 2022ರಲ್ಲಿ ಬಂದ ಗ್ರೀನ್ ವೀಸಾ ಐದು ವರ್ಷದ್ದು, ಗೋಲ್ಡನ್ ವೀಸಾ ಹತ್ತು ವರ್ಷದ್ದು. ಅವಕ್ಕೆ ಬೇರೆಯೇ ಅರ್ಹತೆಗಳಿವೆ. ಸುಮ್ಮನೆ ಹೋಗಿ ಮಾರುಕಟ್ಟೆ ನೋಡಿ ಬರಬೇಕೆನ್ನುವವರಿಗೆ ವ್ಯಾಪಾರದ ಅವಕಾಶ ಹುಡುಕಲೆಂದೇ ಒಂದು ವಿಸಿಟ್ ವೀಸಾ ಕೂಡಾ ಅದೇ ವರ್ಷದಿಂದ ಇದೆ. ಬಂಗಾರ ಮಾರುವ ಮೊದಲು ಅದರಲ್ಲಿ ಒಮ್ಮೆ ಹೋಗಿ ಗಲ್ಲಿ ಗಲ್ಲಿ ಸುತ್ತಿ ಬರುವುದು ಒಳ್ಳೆಯದು.

ಇಲ್ಲಿಯೇ ಏಜೆಂಟರ ಆಟ ಶುರುವಾಗುವುದು. ‘ಕಡಿಮೆ ಖರ್ಚಿನಲ್ಲಿ ಫ್ರೀ ಝೋನ್ ಲೈಸನ್ಸ್ ಮಾಡಿಸಿ, ಪಾರ್ಟ್‌ನರ್ ವೀಸಾ ತಗೊಳ್ಳಿ, ಮತ್ತೆ ಎಲ್ಲಿ ಬೇಕಾದ್ರೂ ಕೆಲಸ ಮಾಡಿ’ ಅನ್ನುವ ಮಾತು ನಮ್ಮ ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲೆಲ್ಲ ಓಡಾಡುತ್ತಿದೆ. ಒಂದು ಕಾಲದಲ್ಲಿ ‘ಆಝಾದ್ ವೀಸಾ’ ಎಂದು ಮಾರುತ್ತಿದ್ದದ್ದೇ ಈಗ ಕೋಟು ಹಾಕಿಕೊಂಡು ಬಂದಿದೆ. ಫ್ರೀ ಝೋನ್ ಎಂಬುದು ಒಳ್ಳೆಯ ವ್ಯವಸ್ಥೆಯೇ, ಜೆಬೆಲ್ ಅಲಿಯಲ್ಲಿ 1985ರಿಂದ ನಡೆಯುತ್ತಿದೆ. ಆದರೆ ಆ ಲೈಸನ್ಸ್ ಇಟ್ಟುಕೊಂಡು, ಪ್ರತ್ಯೇಕ ಅನುಮತಿ ಇಲ್ಲದೆ, ದೇರಾದ ರಸ್ತೆಯಲ್ಲಿ ಅಂಗಡಿ ತೆರೆಯಲಾಗದು. ಕಂಪೆನಿಯ ವ್ಯವಹಾರವನ್ನೇ ಮಾಡದೆ ಇನ್ನೊಬ್ಬರ ಅಂಗಡಿಯಲ್ಲಿ ದುಡಿಯುವುದು ಕಾನೂನಿಗೆ ವಿರುದ್ಧ. 2024ರ ತಿದ್ದುಪಡಿಯ ನಂತರ ಪರ್ಮಿಟ್ ಇಲ್ಲದವರನ್ನು ಕೆಲಸಕ್ಕೆ ಇಟ್ಟುಕೊಂಡವರಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ದಂಡ ಇದೆ. ಹಾಗಾಗಿ ಕೆಲಸ ಕೊಡುವವರೂ ಹಿಂದೆ ಮುಂದೆ ನೋಡುತ್ತಾರೆ. ಕೊನೆಗೆ ಹುಡುಗನ ಕೈಯಲ್ಲಿ ಕಂಪೆನಿ ಇರುತ್ತದೆ, ಕೆಲಸ ಇರುವುದಿಲ್ಲ.

ಏಜೆಂಟರು ತೋರಿಸುವುದು ಮೊದಲ ವರ್ಷದ ಖರ್ಚನ್ನು ಮಾತ್ರ. ಲೈಸನ್ಸನ್ನು ಪ್ರತೀ ವರ್ಷ ನವೀಕರಿಸಬೇಕು. ಬಾಡಿಗೆ, ಕೆಲಸದವರ ವೀಸಾ, ಇನ್ಶೂರೆನ್ಸ್ ಎಲ್ಲವೂ ಮತ್ತೆ ಮತ್ತೆ ಬರುತ್ತವೆ. ‘ಗಲ್ಫಿನಲ್ಲಿ ಟ್ಯಾಕ್ಸ್ ಇಲ್ಲ’ ಎಂಬ ಮಾತು ಹಳೆಯದಾಯಿತು. 2018ರಿಂದ ಯುಎಇಯಲ್ಲಿ ಶೇ. 5 ವ್ಯಾಟ್ ಇದೆ. 2023ರ ಜೂನ್‌ನಿಂದ 3,75,000 ದಿರ್ಹಮ್ ಮೀರಿದ ಲಾಭಕ್ಕೆ ಶೇ. 9 ಕಾರ್ಪೊರೇಟ್ ತೆರಿಗೆ ಇದೆ. ಲಾಭ ಅಷ್ಟು ಇಲ್ಲದಿದ್ದರೂ ನೋಂದಣಿ ಮಾಡಿಸಿಕೊಳ್ಳಲೇಬೇಕು, ತಡವಾದರೆ 10,000 ದಿರ್ಹಮ್ ದಂಡ. ಇನ್ನು, ಸಾಮಾನ್ಯ ವೀಸಾದವರು ಆರು ತಿಂಗಳಿಗಿಂತ ಹೆಚ್ಚು ದೇಶದ ಹೊರಗೆ ಇದ್ದರೆ ವೀಸಾ ರದ್ದಾಗಬಹುದು. ಊರಲ್ಲಿ ಕುಳಿತು ಅಲ್ಲಿನ ಅಂಗಡಿಯ ಲಾಭ ಎಣಿಸುತ್ತೇನೆ ಎನ್ನುವವರು ಇದನ್ನು ನೆನಪಿಡಬೇಕು.

ಸೌದಿಯ ಲೆಕ್ಕವೇ ಬೇರೆ. ಅಲ್ಲಿ ಸ್ಥಳೀಯರ ಹೆಸರಿನಲ್ಲಿ ವಿದೇಶಿಯರು ವ್ಯಾಪಾರ ನಡೆಸುವುದಕ್ಕೆ ‘ತಸತ್ತುರ್’ ಎನ್ನುತ್ತಾರೆ, ಅಂದರೆ ಮರೆಮಾಚುವುದು. 2020ರಲ್ಲಿ ಬಂದ ಹೊಸ ಕಾನೂನಿನಂತೆ ಇದಕ್ಕೆ ಐದು ವರ್ಷದವರೆಗೆ ಜೈಲು, 50 ಲಕ್ಷ ರಿಯಾಲ್‌ವರೆಗೆ ದಂಡ. ಹಣ ಮುಟ್ಟುಗೋಲಾಗುತ್ತದೆ, ವಿದೇಶಿಯನ್ನು ಗಡೀಪಾರು ಮಾಡುತ್ತಾರೆ. ಮಾಹಿತಿ ಕೊಟ್ಟವರಿಗೆ ದಂಡದ ಹಣದಲ್ಲಿ ಪಾಲೂ ಉಂಟು. ತಪ್ಪು ಸರಿಪಡಿಸಿಕೊಳ್ಳಲು ಕೊಟ್ಟಿದ್ದ ಕಾಲಾವಕಾಶ 2022ರ ಫೆಬ್ರವರಿ 16ಕ್ಕೆ ಮುಗಿದಿದೆ. ಆಮೇಲೂ ‘ನಮ್ಮ ಕಫೀಲ್ ಒಳ್ಳೆಯವರು, ಏನೂ ಆಗಲಿಕ್ಕಿಲ್ಲ’ ಎಂದು ಬಕಾಲ ನಡೆಸುವುದು ಮಕ್ಕಳ ಅನ್ನದ ಮೇಲೆ ಜೂಜಾಡಿದ ಹಾಗೆ. ಕಫೀಲ್ ಎಷ್ಟೇ ಒಳ್ಳೆಯವರಾದರೂ ಕಾನೂನು ಅವರನ್ನೂ ಶಿಕ್ಷಿಸುತ್ತದೆ. ಕಾನೂನುಬದ್ಧ ದಾರಿ ಅಲ್ಲಿಯೂ ಇದೆ. ಹೂಡಿಕೆ ಸಚಿವಾಲಯದ ಮೂಲಕ ಹೋಗಬಹುದು. 2019ರಲ್ಲಿ ಪ್ರೀಮಿಯಂ ಇಖಾಮವೂ ಬಂದಿದೆ. ಅದಕ್ಕೆ ವರ್ಷಕ್ಕೆ 1 ಲಕ್ಷ ರಿಯಾಲ್, ಶಾಶ್ವತ ಬೇಕಾದರೆ 8 ಲಕ್ಷ ರಿಯಾಲ್ ಎಂದು ನಿಗದಿಯಾಯಿತು. ಸಣ್ಣ ಅಂಗಡಿಯವರ ಕೈಗೆ ಎಟಕುವ ಮೊತ್ತ ಇದಲ್ಲ. ಮೊಬೈಲ್ ಅಂಗಡಿಗಳನ್ನು 2016ರಲ್ಲೇ ಸೌದಿಗಳಿಗೆ ಮೀಸಲಿಟ್ಟಾಗ ಎಷ್ಟು ಮಂದಿ ಕೈ ಬರಿದು ಮಾಡಿಕೊಂಡು ಬಂದರು ಎಂಬುದನ್ನು ಊರಿನವರಿಗೆ ಹೇಳಬೇಕಾಗಿಲ್ಲ. ಸಣ್ಣ ಬಂಡವಾಳ ಇರುವವರು ಸೌದಿಯಲ್ಲಿ ಇನ್ನೊಬ್ಬರ ಹೆಸರಿನಲ್ಲಿ ಅಂಗಡಿ ಹಾಕಲೇಬಾರದು ಎಂಬುದು ನಮ್ಮ ಸ್ಪಷ್ಟ ಮಾತು.

ಕಫೀಲ್ ವಿಷಯ ಹೇಳಿದೆವು. ನಮ್ಮೊಳಗಿನ ವಿಷಯವನ್ನೂ ಹೇಳಬೇಕು. ಅಣ್ಣನ ಹೆಸರಿನಲ್ಲಿ ಲೈಸನ್ಸ್, ತಮ್ಮನ ದುಡ್ಡು, ಬಾವನ ದುಡಿಮೆ, ಹೀಗೆ ನಡೆಯುವ ಅಂಗಡಿಗಳು ಎಷ್ಟಿಲ್ಲ? ‘ನಮ್ಮ ನಮ್ಮೊಳಗೆ ಎಂಥ ಬರಹ?’ ಎಂದು ಶುರುವಾದದ್ದು ಹತ್ತು ವರ್ಷ ಕಳೆದ ಮೇಲೆ ಜಮಾಅತಿನ ಎದುರು ಪಂಚಾಯಿತಿಗೆ ಬರುತ್ತದೆ. ಅಷ್ಟು ಹೊತ್ತಿಗೆ ಯಾರು ಎಷ್ಟು ಹಾಕಿದರು ಎಂಬುದಕ್ಕೆ ಸಾಕ್ಷಿ ಇರುವುದಿಲ್ಲ, ಮಾತು ಬಿಟ್ಟ ಎರಡು ಮನೆಗಳು ಮಾತ್ರ ಇರುತ್ತವೆ. ಪವಿತ್ರ ಕುರ್‌ಆನ್‌ನ ಅತಿ ದೀರ್ಘ ವಚನ, ಅಲ್ ಬಕರದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ, ಸಾಕ್ಷಿಗಳನ್ನು ಇಟ್ಟುಕೊಳ್ಳುವ ವಿಷಯದ್ದೇ. ಬರೆದಿಡುವುದು ಅಪನಂಬಿಕೆಯ ಗುರುತು ಎಂಬ ಭಾವನೆ ನಮ್ಮಲ್ಲಿ ಹೇಗೆ ಬಂತೋ ಗೊತ್ತಿಲ್ಲ, ದೀನ್‌ನಿಂದಂತೂ ಬಂದಿಲ್ಲ. ಪಾಲು ಕೊಡುವುದಾದರೆ ಲೈಸನ್ಸ್‌ನ ಒಡಂಬಡಿಕೆಯಲ್ಲೇ ಹೆಸರು ಬರಲಿ. ಸಾಲವಾದರೆ ಸಾಲ ಎಂದೇ ಬರೆಯಲಿ. ಪಾಲೋ ಸಾಲವೋ ಎಂದು ಗೊತ್ತಿಲ್ಲದ ದುಡ್ಡೇ ಸಂಬಂಧ ಕೆಡಿಸುವುದು.

ಊರಿನಿಂದ ದುಡ್ಡು ಹಾಕುವವರಿಗೂ ಒಂದು ಮಾತು. ಮಂಗಳೂರಿನಲ್ಲೋ ಪುತ್ತೂರಿನಲ್ಲೋ ವಾಸವಿರುವವರು ವಿದೇಶದ ಕಂಪೆನಿಯಲ್ಲಿ ಪಾಲು ತೆಗೆದುಕೊಳ್ಳಬಹುದು, ಅದಕ್ಕೆ 2022ರಿಂದ ಹೊಸ ನಿಯಮಗಳೇ ಇವೆ. ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಬ್ಯಾಂಕಿನ ಮೂಲಕವೇ, ಹೂಡಿಕೆ ಎಂದು ತಿಳಿಸಿ, ಕಳಿಸಲು ದಾರಿ ಇದೆ. ಆದಾಯ ತೆರಿಗೆಯ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಕಾಲಂನಲ್ಲಿ ಅದನ್ನು ತೋರಿಸಬೇಕು. ಹುಂಡಿಯ ಮೂಲಕ ಹೋದ ದುಡ್ಡಿಗೆ ಅಲ್ಲಿಯೂ ದಾಖಲೆ ಇಲ್ಲ, ಇಲ್ಲಿಯೂ ಇಲ್ಲ. ನಾಳೆ ಲಾಭ ಬಂದರೂ ನಷ್ಟ ಬಂದರೂ ಕೇಳಲು ಬಾಯಿ ಇರುವುದಿಲ್ಲ.

ಹೊಸ ಕಾನೂನು ಎಲ್ಲರನ್ನೂ ಶ್ರೀಮಂತರನ್ನಾಗಿ ಮಾಡುತ್ತದೆ ಎಂದು ನಾವು ಹೇಳುವುದಿಲ್ಲ. ಹೆಸರು ನಮ್ಮದಾದರೆ ಹೊಣೆಯೂ ನಮ್ಮದೇ. ಸಾಲ, ಬಾಡಿಗೆ, ಚೆಕ್ಕು, ತೆರಿಗೆ ಎಲ್ಲದಕ್ಕೂ ನಾವೇ ಉತ್ತರ ಕೊಡಬೇಕು. ವ್ಯಾಪಾರ ಬಾರದವರಿಗೆ ಸಂಬಳದ ಕೆಲಸವೇ ಒಳ್ಳೆಯದು, ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ವ್ಯಾಪಾರವೇ ಮಾಡುವುದೆಂದಾದರೆ ಬೆವರು ಸುರಿಸಿದವರ ಹೆಸರಿನಲ್ಲಿಯೇ ಆಗಲಿ.

ನಮ್ಮ ಸಂಘಟನೆಗಳು ಗಲ್ಫಿನಲ್ಲಿ ಸ್ನೇಹಕೂಟ, ಕ್ರೀಡಾಕೂಟ, ಇಫ್ತಾರ್ ಎಲ್ಲವನ್ನೂ ಚೆನ್ನಾಗಿ ಮಾಡುತ್ತವೆ. ರಕ್ತದಾನ ಶಿಬಿರ ನಡೆಸುವ ಹಾಗೆಯೇ ವರ್ಷಕ್ಕೊಮ್ಮೆ ಲೈಸನ್ಸ್ ಶಿಬಿರವನ್ನೂ ನಡೆಸಲಿ. ಒಬ್ಬ ವಕೀಲರು, ಒಬ್ಬ ಲೆಕ್ಕಪರಿಶೋಧಕರು ಕುಳಿತು ಸಣ್ಣ ಅಂಗಡಿಯವರ ಕಾಗದ ಪತ್ರ ನೋಡಿ ಸಲಹೆ ಕೊಟ್ಟರೆ ಎಷ್ಟೋ ಮನೆಗಳು ಉಳಿಯುತ್ತವೆ. ಊರಿನ ಜಮಾಅತ್‌ಗಳು ಗಲ್ಫಿಗೆ ಹೊರಟ ಹುಡುಗರಿಗೆ ಏಜೆಂಟರ ಮಾತನ್ನು ಹೇಗೆ ತೂಗಿ ನೋಡಬೇಕೆಂದು ಹೇಳಿಕೊಡಲಿ.

ಮನೆಯ ಹೆಂಗಸರಲ್ಲೂ ಒಂದು ವಿನಂತಿ. ಗಂಡ, ಮಗ ಈ ಸಲ ರಜೆಗೆ ಬಂದಾಗ ಲೈಸನ್ಸ್‌ನ ಪ್ರತಿ, ಒಡಂಬಡಿಕೆ, ವೀಸಾ ಮೂರನ್ನೂ ಕೇಳಿ ಒಂದೊಂದು ಪ್ರತಿ ಕಪಾಟಿನಲ್ಲಿ ಇಟ್ಟುಕೊಳ್ಳಿ. ಬಂಗಾರ ಕೊಟ್ಟವರಿಗೆ ಕಾಗದ ಕೇಳುವ ಹಕ್ಕು ಇದೆ.