ಮನೆಗೆ ತಂದ ಹಾವು: ಮುಚ್ಚಿಡುವುದೇ ದೊಡ್ಡ ಅಪಾಯ



ಈ ಅಂಕಣದಲ್ಲಿ ನೀವು ಸಾಮಾನ್ಯವಾಗಿ ಅಡಿಕೆಯ ಕೊಳೆರೋಗ, ಹಸುವಿನ ಕೆಚ್ಚಲು ಬಾವು, ಮಳೆಗಾಲದ ಇಲಿಜ್ವರ ಇಂತಹ ವಿಷಯಗಳನ್ನು ಓದುತ್ತೀರಿ. ಈ ಸಲ ಹಾವಿನ ಬಗ್ಗೆ ಬರೆಯುತ್ತಿದ್ದೇನೆ. ತೋಟದಲ್ಲಿ ಎದುರಾಗುವ ಹಾವಲ್ಲ. ಹಣ ಕೊಟ್ಟು ಕೊಂಡು, ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವ ಹಾವು. ನಮ್ಮ ಹಳ್ಳಿಗೆ ಅದೆಲ್ಲಿ ಬಂತು ಎಂದು ನಗಬೇಡಿ. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಕಳೆದ ಮಳೆಗಾಲದಲ್ಲಿ ವಾಳೆಯ ಗುರಿಕಾರರೊಂದಿಗೆ ಮನೆ ಭೇಟಿಗೆ ಹೋಗಿದ್ದೆ. ಒಂದು ಮನೆಯಲ್ಲಿ ಪ್ರಾರ್ಥನೆ ಮುಗಿಸಿ ಕೋಣೆ ಕೋಣೆಗೆ ತೀರ್ಥ ಪ್ರೋಕ್ಷಿಸುತ್ತಾ ಬಂದಾಗ ಒಂದು ಬಾಗಿಲು ಮಾತ್ರ ತೆರೆಯಲಿಲ್ಲ. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೊರಡುವಾಗ ಮನೆಯ ತಾಯಿ ಗೇಟಿನ ತನಕ ಬಂದು ಮೆಲ್ಲಗೆ ಹೇಳಿದರು: "ಫಾದರ್, ಒಂದು ಮಾತು ಹೇಳಲಿಕ್ಕುಂಟು. ಮಗ ಬೆಂಗಳೂರಿನಿಂದ ಬರುವಾಗ ಒಂದು ಹಾವು ತಂದಿದ್ದಾನೆ. ಮೂರು ವಾರ ಆಯಿತು, ಏನೂ ತಿನ್ನುವುದಿಲ್ಲ. ನನಗೆ ರಾತ್ರಿ ನಿದ್ದೆ ಇಲ್ಲ. ಯಾರಿಗೂ ಹೇಳಬಾರದು ಅಂತ ಅವನು ಹೇಳಿದ್ದಾನೆ." ನಾನು ತಿರುಗಿ ಒಳಗೆ ಹೋದೆ. ಆ ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಯಾರ ಮನೆ ಎಂದು ಹುಡುಕುವ ಕೆಲಸ ದಯವಿಟ್ಟು ಯಾರೂ ಮಾಡಬೇಡಿ.

ಪೆಟ್ಟಿಗೆಯಲ್ಲಿದ್ದದ್ದು ಬಾಲ್ ಪೈಥಾನ್ ಎಂಬ ಚಿಕ್ಕ ಜಾತಿಯ ಹೆಬ್ಬಾವು. ಪಶ್ಚಿಮ ಆಫ್ರಿಕದ ಘಾನಾ, ಟೋಗೊ, ಬೆನಿನ್ ಮುಂತಾದ ದೇಶಗಳು ಅದರ ತವರು. ಹೆದರಿದಾಗ ತಲೆಯನ್ನು ಒಳಗಿಟ್ಟು ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಆ ಹೆಸರು. ವಿಷವಿಲ್ಲ. ಬೆಳೆದರೆ ಒಂದರಿಂದ ಒಂದೂವರೆ ಮೀಟರ್ ಉದ್ದ. ಚೆನ್ನಾಗಿ ಸಾಕಿದರೆ 20ರಿಂದ 30 ವರ್ಷ ಬದುಕುತ್ತದೆ. ಅಂದರೆ ಅದನ್ನು ಕೊಂಡ ಹುಡುಗ ಮದುವೆಯಾಗಿ, ಅವನ ಮಕ್ಕಳು ಕಾಲೇಜಿಗೆ ಹೋಗುವ ಕಾಲಕ್ಕೂ ಅದು ಮನೆಯಲ್ಲಿರಬಹುದು. ಕೊಳ್ಳುವಾಗ ಈ ಲೆಕ್ಕವನ್ನು ಅಂಗಡಿಯವರು ಹೇಳಿರಲಿಲ್ಲ. ಹುಡುಗ ಕೇಳಿರಲೂ ಇಲ್ಲ.

ಹಾವಿನ ಆರೋಗ್ಯ

ಹಾವಿಗೆ ತನ್ನ ದೇಹವನ್ನು ತಾನೇ ಬೆಚ್ಚಗಿಟ್ಟುಕೊಳ್ಳುವ ಶಕ್ತಿಯಿಲ್ಲ. ಹೊರಗಿನ ಶಾಖವೇ ಅದಕ್ಕೆ ಆಧಾರ. ಈ ಜಾತಿಯ ಹಾವಿಗೆ ಪೆಟ್ಟಿಗೆಯ ಒಂದು ಬದಿ ಸುಮಾರು 31–32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಬದಿ 25–26 ಡಿಗ್ರಿ ಇರಬೇಕು. ಅಡಗಿಕೊಳ್ಳಲು ಕತ್ತಲೆಯ ಜಾಗ, ಯಾವಾಗಲೂ ಶುದ್ಧ ನೀರು ಬೇಕು. ಗಾಳಿಯಲ್ಲಿ ತೇವ ಬೇಕು, ಆದರೆ ಕೆಳಗೆ ಹಾಸಿದ್ದು ಒದ್ದೆಯಾಗಿರಬಾರದು. ನಮ್ಮ ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಮನೆಯಲ್ಲಿ ಇದನ್ನು ನಡೆಸಿಕೊಂಡು ಹೋಗುವುದು ಸುಲಭವಲ್ಲ. ಅಲ್ಲಿ ಶಾಖದ ದೀಪ ಆರಿತ್ತು, ಹಾಸಿದ ಕಾಗದ ಒದ್ದೆಯಾಗಿತ್ತು. ಹಾವು ಬಾಯಿ ಸ್ವಲ್ಪ ತೆರೆದು ಉಸಿರಾಡುತ್ತಿತ್ತು, ಹತ್ತಿರ ಹೋದರೆ ಸಿಳ್ಳೆಯಂತಹ ಸದ್ದು ಕೇಳುತ್ತಿತ್ತು.

ಹೊಸ ಜಾಗಕ್ಕೆ ಬಂದ ಈ ಹಾವು ಕೆಲವು ವಾರ ಆಹಾರ ಬಿಡುವುದು ಸಾಮಾನ್ಯ. ಅದೊಂದೇ ಆದರೆ ಗಾಬರಿ ಬೇಡ. ಮುಟ್ಟದೆ, ಎತ್ತದೆ, ಬಂದವರಿಗೆಲ್ಲ ತೋರಿಸದೆ ಅದನ್ನು ಅದರ ಪಾಡಿಗೆ ಬಿಡಬೇಕು. ಆದರೆ ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ ಬರುವುದು ಶ್ವಾಸಕೋಶದ ಸೋಂಕಿನ ಲಕ್ಷಣ. ಬಾಯಿಯೊಳಗೆ ಕೆಂಪು ಬಾವು ಅಥವಾ ಕೀವು ಬಂದರೆ ಬಾಯಿ ಕೊಳೆಯುತ್ತಿದೆ ಎಂದರ್ಥ. ಕಣ್ಣಿನ ಸುತ್ತ ಅಥವಾ ನೀರಿನ ಬಟ್ಟಲಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಹರಿದಾಡಿದರೆ ಅವು ರಕ್ತ ಹೀರುವ ಉಣ್ಣಿಯಂತಹ ಹುಳುಗಳು. ಪೊರೆ ತುಂಡು ತುಂಡಾಗಿ ಅಂಟಿಕೊಂಡಿದ್ದರೆ ತೇವ ಸಾಲದು. ತಲೆಯನ್ನು ಆಕಾಶಕ್ಕೆತ್ತಿ ತಿರುಚುವುದು, ಮಗುಚಿ ಹಾಕಿದರೆ ಹೊರಳಲಾರದಿರುವುದು ಹೆಬ್ಬಾವುಗಳಿಗೆ ಬರುವ ಗಂಭೀರ ವೈರಸ್ ರೋಗದ ಲಕ್ಷಣವೂ ಆಗಿರಬಹುದು. ಇವಕ್ಕೆಲ್ಲ ಮನೆಮದ್ದು ಇಲ್ಲ, ವೈದ್ಯರೇ ನೋಡಬೇಕು.

"ವೈದ್ಯರಿಗೆ ತೋರಿಸಿದೆಯಾ ಮಗಾ?" ಎಂದು ಕೇಳಿದೆ. "ಇಲ್ಲ ಫಾದರ್, ವಿಷಯ ಹೊರಗೆ ಹೋದರೆ ಕೇಸ್ ಆಗಬಹುದು" ಎಂದ. ಅಂಗಡಿಯವರು ಕೊಟ್ಟ ಒಂದು ಚೀಟಿ ಬಿಟ್ಟರೆ ಅವನಲ್ಲಿ ಬೇರೆ ಕಾಗದವಿರಲಿಲ್ಲ. ಹೀಗೆ ಒಂದು ಮೂಕಪ್ರಾಣಿ ಉಸಿರು ಕಟ್ಟಿಕೊಂಡು ಒದ್ದಾಡುತ್ತಿತ್ತು, ಅದನ್ನು ಪ್ರೀತಿಯಿಂದ ತಂದವನೇ ಬಾಗಿಲು ಹಾಕಿ ಕುಳಿತಿದ್ದ.

ಮನೆಯವರ ಆರೋಗ್ಯ

ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಮುಂದಿನ ಸಂಗತಿ. ಆ ಮನೆಯಲ್ಲಿ ಬಾಣಂತನಕ್ಕೆ ಬಂದ ಮಗಳೂ ಎರಡು ತಿಂಗಳ ಕೂಸೂ ಇದ್ದರು. ಹಾವಿಗೆಂದು ತಂದ ಸತ್ತ ಇಲಿಮರಿಗಳು ಮೀನು ಇಡುವ ಫ್ರಿಜ್ಜಿನಲ್ಲೇ ಇದ್ದವು. ಹಾವಿನ ನೀರಿನ ಬಟ್ಟಲನ್ನು ತೊಳೆಯುತ್ತಿದ್ದದ್ದು ಅಡುಗೆಮನೆಯ ತೊಟ್ಟಿಯಲ್ಲಿ. ಅದೇ ತೊಟ್ಟಿಯಲ್ಲಿ ಕೂಸಿನ ಒಳಲೆಯೂ ಚಮಚವೂ ತೊಳೆಯಲ್ಪಡುತ್ತಿದ್ದವು. ಹಿಂದಿನ ವಾರ ಕೂಸಿಗೆ ಭೇದಿ ಮತ್ತು ಜ್ವರ ಬಂದು ಆಸ್ಪತ್ರೆಗೆ ಸೇರಿಸಿದ್ದರು. ಮನೆಯಲ್ಲಿ ಪ್ರಾಣಿಗಳಿವೆಯೇ ಎಂದು ವೈದ್ಯರು ಕೇಳಿದಾಗ ಇವರು "ಹಸು ಉಂಟು, ನಾಯಿ ಉಂಟು" ಎಂದಿದ್ದರು. ಹಾವಿನ ಹೆಸರು ಯಾರ ಬಾಯಿಂದಲೂ ಬರಲಿಲ್ಲ. ದೇವರ ದಯೆಯಿಂದ ಕೂಸು ಗುಣವಾಯಿತು. ಕಾಯಿಲೆಗೆ ಹಾವೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ವೈದ್ಯರು ಕೇಳಿದ ಪ್ರಶ್ನೆಗೆ ಸತ್ಯ ಹೇಳದೆ ಹೋದದ್ದು ಕೂಸಿನ ಪ್ರಾಣದೊಡನೆ ಆಡಿದ ಆಟ ಎಂದು ಅಂದು ಹೇಳಿದೆ, ಇಂದೂ ಹೇಳುತ್ತೇನೆ.

ಕಾರಣ ಇಷ್ಟೇ. ಹಾವು, ಆಮೆ, ಓತಿಯಂತಹ ಪ್ರಾಣಿಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುವುದು ಸಾಮಾನ್ಯ. ಅದರಿಂದ ಪ್ರಾಣಿಗೆ ತೊಂದರೆ ಕಾಣಿಸದು. ಅದು ನೋಡಲು ಚುರುಕಾಗಿ, ಚೊಕ್ಕಟವಾಗಿಯೇ ಇರುತ್ತದೆ. ಮಲದ ಮೂಲಕ ರೋಗಾಣು ಅದರ ಚರ್ಮಕ್ಕೆ, ನೀರಿಗೆ, ಪೆಟ್ಟಿಗೆಗೆ, ಅಲ್ಲಿಂದ ನಮ್ಮ ಕೈಗೆ ಹತ್ತುತ್ತದೆ. ಹಾವನ್ನು ಕೂಸು ಮುಟ್ಟಬೇಕೆಂದೇನಿಲ್ಲ. ಹಾವನ್ನು ಮುಟ್ಟಿದವರು ಕೈ ತೊಳೆಯದೆ ಕೂಸನ್ನು ಎತ್ತಿಕೊಂಡರೂ ಸಾಕು. ಸಾಮಾನ್ಯವಾಗಿ 6 ಗಂಟೆಯಿಂದ 6 ದಿನದೊಳಗೆ ಭೇದಿ, ಜ್ವರ, ಹೊಟ್ಟೆನೋವು ಕಾಣಿಸುತ್ತದೆ. ಗಟ್ಟಿಮುಟ್ಟಾದವರಿಗೆ ನಾಲ್ಕೇಳು ದಿನದಲ್ಲಿ ಕಡಿಮೆಯಾಗುತ್ತದೆ. ಆದರೆ 5 ವರ್ಷದೊಳಗಿನ ಮಕ್ಕಳಲ್ಲಿ, ವೃದ್ಧರಲ್ಲಿ, ಕ್ಯಾನ್ಸರ್ ಮುಂತಾದ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರಲ್ಲಿ ಅದು ರಕ್ತಕ್ಕೆ ಸೇರಿ ಪ್ರಾಣಕ್ಕೇ ಕುತ್ತಾಗಬಹುದು.

ಇದು ಹೊಸ ಸಂಗತಿಯಲ್ಲ. ಅಮೆರಿಕದಲ್ಲಿ ಮಕ್ಕಳು ಸಾಕುತ್ತಿದ್ದ ಪುಟ್ಟ ಆಮೆಗಳಿಂದ ಈ ಕಾಯಿಲೆ ಹರಡುತ್ತಿದ್ದುದನ್ನು ಕಂಡು, 1975ರಲ್ಲೇ 4 ಇಂಚಿಗಿಂತ ಚಿಕ್ಕ ಆಮೆಗಳನ್ನು ಸಾಕಲು ಮಾರುವುದನ್ನು ಅಲ್ಲಿನ ಸರಕಾರ ನಿಷೇಧಿಸಿತು. ಆಹಾರದ ಇಲಿಗಳಲ್ಲೂ ಈ ರೋಗಾಣು ಇರಬಹುದು; ಫ್ರಿಜ್ಜಿನ ಚಳಿಗೆ ಅದು ಸಾಯುವುದಿಲ್ಲ. ಹಾವಿಗೆ ಔಷಧ ಕುಡಿಸಿ ರೋಗಾಣುವನ್ನು ತೆಗೆಯುತ್ತೇವೆ ಎನ್ನುವವರ ಮಾತನ್ನೂ ನಂಬಬೇಡಿ. ಅದರಿಂದ ಔಷಧಕ್ಕೆ ಬಗ್ಗದ ರೋಗಾಣು ಹುಟ್ಟುವುದೇ ಹೆಚ್ಚು.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ಹಸುಗೂಸು, ಬಾಣಂತಿ, ಗರ್ಭಿಣಿ, ಹಾಸಿಗೆ ಹಿಡಿದ ಹಿರಿಯರು ಇರುವ ಮನೆಗೆ ಇಂತಹ ಪ್ರಾಣಿ ಬೇಡ. ಈಗಾಗಲೇ ಇದ್ದರೆ ಈ ಕ್ರಮಗಳನ್ನು ತಪ್ಪದೆ ಪಾಲಿಸಿ:

1. ಪೆಟ್ಟಿಗೆ ಅಡುಗೆಮನೆಯಿಂದಲೂ ಊಟದ ಜಾಗದಿಂದಲೂ ದೂರವಿರಲಿ. ಅದನ್ನೂ ಬಟ್ಟಲನ್ನೂ ಹೊರಗಿನ ನಳ್ಳಿಯಲ್ಲಿ ತೊಳೆಯಿರಿ.

2. ಹಾವನ್ನೋ ಪೆಟ್ಟಿಗೆಯನ್ನೋ ಮುಟ್ಟಿದ ಕೂಡಲೇ ಸೋಪು ಹಾಕಿ ಕೈ ತೊಳೆಯಿರಿ. ಬಟ್ಟೆಗೆ ತಾಗಿದ್ದರೆ ಬಟ್ಟೆ ಬದಲಿಸದೆ ಮಗುವನ್ನು ಎತ್ತಿಕೊಳ್ಳಬೇಡಿ. ಹಾವಿಗೆ ಮುತ್ತು ಕೊಟ್ಟು ಫೋಟೋ ತೆಗೆಸಿಕೊಳ್ಳುವ ಹುಚ್ಚು ಬೇಡ.

3. ಇಲಿಗಳನ್ನು ಅನ್ನಾಹಾರ ಇಡುವ ಫ್ರಿಜ್ಜಿನಲ್ಲಿ ಇಡಬೇಡಿ. ಜೀವಂತ ಇಲಿಯನ್ನು ಪೆಟ್ಟಿಗೆಯೊಳಗೆ ಬಿಟ್ಟು ಹೋಗಬೇಡಿ. ಅದು ಹಾವನ್ನೇ ಕಚ್ಚಿ ಗಾಯಮಾಡುತ್ತದೆ.

4. ಮನೆಯಲ್ಲಿ ಯಾರಿಗೆ ಜ್ವರ, ಭೇದಿ ಬಂದರೂ ಹಾವು ಸಾಕಿರುವುದನ್ನು ವೈದ್ಯರಿಗೆ ತಿಳಿಸಿ.

ಕಾನೂನಿನ ಮಾತು

ನಮ್ಮ ನಾಡಿನ ಯಾವ ಕಾಡುಹಾವನ್ನೂ ಹಿಡಿದು ಸಾಕುವಂತಿಲ್ಲ, ಮಾರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ತಡೆಯುತ್ತದೆ. ಇರುತಲೆ ಹಾವು ಮನೆಯಲ್ಲಿದ್ದರೆ ಲಕ್ಷ್ಮಿ ಬರುತ್ತಾಳೆ, ಲಕ್ಷಗಟ್ಟಲೆ ಬೆಲೆ ಸಿಗುತ್ತದೆ ಎಂದು ಹೇಳಿಕೊಂಡು ಬರುವವರು ನಿಮ್ಮನ್ನು ಜೈಲಿನ ದಾರಿಗೆ ಹಚ್ಚುವವರು. ವಿದೇಶದ ಹಾವುಗಳ ವಿಷಯ ಬೇರೆ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಬಾಲ್ ಪೈಥಾನಿನಂತಹ ಪ್ರಾಣಿಗಳನ್ನು ಇಟ್ಟುಕೊಂಡವರು ಸರಕಾರಕ್ಕೆ ತಿಳಿಸಿ ನೋಂದಾಯಿಸಿಕೊಳ್ಳಬೇಕು ಎಂದು ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂತು, 2024ರಲ್ಲಿ ನಿಯಮಗಳು ಬಂದವು. ಅರ್ಜಿಯನ್ನು ಕೇಂದ್ರ ಸರಕಾರದ ಪರಿವೇಶ್ ಎಂಬ ಜಾಲತಾಣದ ಮೂಲಕ ಸಲ್ಲಿಸಬೇಕು. ಕಾಗದಪತ್ರವಿಲ್ಲದ ಪ್ರಾಣಿಯನ್ನು ಕೊಳ್ಳಲೇಬೇಡಿ. ಕೊಂಡಾಗಿದ್ದರೆ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮುಚ್ಚಿಟ್ಟಷ್ಟೂ ತೊಡಕು ಬೆಳೆಯುತ್ತದೆ.

ಹೆದರಿಕೊಂಡು ರಾತ್ರೋರಾತ್ರಿ ಗುಡ್ಡಕ್ಕೆ ಬಿಟ್ಟು ಬರುವುದಂತೂ ಸಲ್ಲದು. ಅಮೆರಿಕದ ಫ್ಲಾರಿಡಾದ ಜೌಗು ಕಾಡಿನಲ್ಲಿ, ಸಾಕಿದವರ ಕೈತಪ್ಪಿದ ಮತ್ತು ಅವರೇ ಬಿಟ್ಟ ಬರ್ಮಾ ಹೆಬ್ಬಾವುಗಳು ಸಂತಾನ ಬೆಳೆಸಿ ಅಲ್ಲಿನ ಚಿಕ್ಕಪುಟ್ಟ ಪ್ರಾಣಿಗಳನ್ನು ತಿಂದು ಮುಗಿಸುತ್ತಿವೆ. ಇನ್ನೊಂದು ಅಪಾಯ ನಮ್ಮ ಅಂಗಳದಲ್ಲೇ ಇದೆ. ಮಚ್ಚೆಯ ಹಾವನ್ನು ಮುಟ್ಟಿ ಅಭ್ಯಾಸವಾದ ಮಗು ನಾಳೆ ತೋಟದಲ್ಲಿ ಮಚ್ಚೆಯ ಹಾವು ಕಂಡರೆ ಕೈಚಾಚೀತು. ಅದು ಕೊಳಕುಮಂಡಲವಾಗಿದ್ದರೆ? ದೊಡ್ಡವರೇ ಅದನ್ನು ಹೆಬ್ಬಾವಿನ ಮರಿಯೆಂದು ತಪ್ಪು ತಿಳಿದು ಕಚ್ಚಿಸಿಕೊಳ್ಳುವುದುಂಟು. ಯಾವ ಹಾವು ಕಚ್ಚಿದರೂ ಕಟ್ಟು ಬಿಗಿಯದೆ, ಗಾಯ ಕೊಯ್ಯದೆ, ನಾಟಿ ಮದ್ದಿಗೆ ಕಾಯದೆ ಪ್ರತಿವಿಷ ಇರುವ ಆಸ್ಪತ್ರೆಗೆ ಓಡಬೇಕು.

ವಿಶ್ವಾಸಿಗಳಾಗಿ ನಾವು

ಹಾವು ಸೈತಾನನ ರೂಪ, ಆದ್ದರಿಂದ ಕ್ರೈಸ್ತರ ಮನೆಗೆ ಬೇಡ ಎಂದು ಕೆಲವರು ಹೇಳುತ್ತಾರೆ. ನನ್ನ ಮಾತು ಅದಲ್ಲ. ಆದಿಕಾಂಡದಲ್ಲಿ ವಂಚಿಸಿದ ಸರ್ಪವಿದೆ, ನಿಜ. ಮರುಭೂಮಿಯಲ್ಲಿ ಮೋಶೆ ಎತ್ತಿದ, ನೋಡಿದವರನ್ನು ಬದುಕಿಸಿದ ಕಂಚಿನ ಸರ್ಪವೂ ಇದೆ. ಹಾವೂ ದೇವರ ಸೃಷ್ಟಿಯೇ. ಪ್ರಾಣಿಗಳಿಗೆ ನಾವು ದಯೆ ತೋರಬೇಕು, ಅಗತ್ಯವಿಲ್ಲದೆ ಅವನ್ನು ನರಳಿಸಬಾರದು, ಬಡವರ ಕಷ್ಟಕ್ಕೆ ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯಲೂಬಾರದು ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಕಲಿಸುತ್ತದೆ. ಪ್ರತಿಯೊಂದು ಜೀವಿಗೂ ನಮ್ಮ ಉಪಯೋಗವನ್ನು ಮೀರಿದ ಬೆಲೆಯಿದೆ ಎಂದು ಪೋಪ್ ಫ್ರಾನ್ಸಿಸ್ 2015ರ ತಮ್ಮ ವಿಶ್ವಪತ್ರದಲ್ಲಿ ನೆನಪಿಸಿದರು. ಶೋಕಿಗಾಗಿ ತಂದು ಕತ್ತಲೆಯಲ್ಲಿ ಮುಚ್ಚಿಟ್ಟ ಹಾವಿಗೆ ನಾವು ಕೊಟ್ಟ ಬೆಲೆ ಯಾವುದು?

ಇನ್ನೊಂದು ಮಾತು ನೋವಿನಿಂದ ಹೇಳುತ್ತೇನೆ. ಸಾವಿರಾರು ರೂಪಾಯಿ ಕೊಟ್ಟು ಆಫ್ರಿಕದ ಹಾವನ್ನು ತಂದ ಅದೇ ಮನೆಯ ತೋಟದಲ್ಲಿ, ಅದೇ ತಿಂಗಳು, ಒಂದು ಕೇರೆ ಹಾವನ್ನು ಹೊಡೆದು ಹೂತಿದ್ದರು. ಕೇರೆ ಹಾವಿಗೆ ವಿಷವಿಲ್ಲ. ಎಳನೀರನ್ನೂ ಕೊಕ್ಕೋ ಕಾಯಿಯನ್ನೂ ಕೊರೆಯುವ, ಮೂತ್ರದಿಂದ ಇಲಿಜ್ವರ ಹರಡುವ ಇಲಿಗಳನ್ನು ಅದು ನಮ್ಮಿಂದ ಒಂದು ಕಾಸನ್ನೂ ಕೇಳದೆ ತಿನ್ನುತ್ತದೆ. ನಮ್ಮ ನೆರೆಯ ಹಿಂದೂ ಬಾಂಧವರು ನಾಗಬನವೆಂದು ಹಾವಿಗೆ ಅದರ ಜಾಗವನ್ನು ಬಿಟ್ಟುಕೊಟ್ಟಿದ್ದಾರೆ. ಆರಾಧನೆ ನಮ್ಮದಲ್ಲದಿರಬಹುದು, ಜೀವಿಯನ್ನು ಅದರ ಜಾಗದಲ್ಲಿ ಇರಗೊಡುವ ಆ ವಿವೇಕ ನಮಗೂ ಬೇಕು. ಹಾವು ಮನೆಯೊಳಗೆ ಬಂದರೆ ಕೋಲು ಎತ್ತುವ ಬದಲು ಕೇರಳ ಅರಣ್ಯ ಇಲಾಖೆ 2020ರಲ್ಲಿ ಆರಂಭಿಸಿದ 'ಸರ್ಪ' ಎಂಬ ಮೊಬೈಲ್ ವ್ಯವಸ್ಥೆಯ ಮೂಲಕ ತರಬೇತಿ ಪಡೆದ ಹಾವು ಹಿಡಿಯುವವರನ್ನು ಕರೆಯಬಹುದು.

ಆ ಮನೆಯ ಬಾಗಿಲು ಈಗ ತೆರೆದಿದೆ. ಮರುದಿನವೇ ಪೆಟ್ಟಿಗೆ ಅಂಗಳದಾಚೆಯ ಕೋಣೆಗೆ ಹೋಯಿತು. ಹುಡುಗ ಹಾವುಗಳಿಗೆ ಚಿಕಿತ್ಸೆ ಮಾಡಿ ಅನುಭವವಿರುವ ಪಶುವೈದ್ಯರನ್ನು ಹುಡುಕಿ ಇಂಜೆಕ್ಷನ್ ಕೊಡಿಸಿದ, ಶಾಖದ ವ್ಯವಸ್ಥೆ ಸರಿಪಡಿಸಿದ. ಕೆಲವು ವಾರಗಳ ಮೇಲೆ ಹಾವು ಆಹಾರ ತೆಗೆದುಕೊಂಡಿತು. ಅರಣ್ಯ ಕಚೇರಿಗೆ ಅವನೊಂದಿಗೆ ತಂದೆಯೂ ಹೋದರು. ತಾಯಿ ಕೂಸಿನ ವೈದ್ಯರಿಗೆ ಎಲ್ಲವನ್ನೂ ಹೇಳಿದರು. "ಇನ್ನೊಂದು ತರುವುದಿಲ್ಲ ಫಾದರ್" ಎಂದು ಹುಡುಗ ತಾನಾಗಿಯೇ ಹೇಳಿದ.

ಯುವಜನರೇ, ಪ್ರಾಣಿಯ ಮೇಲೆ ಪ್ರೀತಿಯಿದ್ದರೆ ಕೊಳ್ಳುವ ಮೊದಲು ಕಲಿಯಿರಿ, ಮನೆಯ ಹಿರಿಯರನ್ನು ಕೇಳಿ. ಹೆತ್ತವರೇ, ಮಕ್ಕಳು ತಪ್ಪು ಮಾಡಿದರೆ ಹೇಳಿಕೊಳ್ಳುವಷ್ಟು ಧೈರ್ಯ ಅವರಿಗೆ ಕೊಡಿ. ಪಾಪವಾಗಲಿ ಕಾಯಿಲೆಯಾಗಲಿ, ಬಾಯಿಬಿಟ್ಟು ಹೇಳಿದ ಮೇಲೆಯೇ ಗುಣವಾಗುವುದು ಶುರು. ದೇವರು ನಿಮ್ಮ ಮನೆಯನ್ನೂ ಕೊಟ್ಟಿಗೆಯನ್ನೂ ತೋಟವನ್ನೂ ಆಶೀರ್ವದಿಸಲಿ.

— ನಿಮ್ಮ ಧರ್ಮಗುರು