ಗಣಕಯಂತ್ರದ ಮರೆವು, ಮನುಷ್ಯನ ದುಡುಕು

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಹಳಗನ್ನಡದ ಯಾವುದಾದರೊಂದು ಪದ್ಯದ ಸ್ವಾರಸ್ಯವನ್ನು ಕುರಿತು ನಾನು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಆದರೆ ಈ ವರ್ಷ ನನಗೆ ದೊಡ್ಡ ಪಾಠವನ್ನು ಕಲಿಸಿದ್ದು ಗ್ರಂಥವಲ್ಲ. ನಮ್ಮ ಮನೆಯ ಹಳೆಯ ಗಣಕಯಂತ್ರ. ಆ ಪಾಠವು ಅಧ್ಯಾಪಕರಿಗೂ, ಶಾಲೆಗೆ ನೆರವಾಗುತ್ತಿರುವ ದಾನಿಗಳಿಗೂ ಸಂಬಂಧಿಸಿದ್ದಾದುದರಿಂದ ಅದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಯಂತ್ರವು ಹದಿನೈದು ವರ್ಷಗಳಷ್ಟು ಹಳೆಯದು. ‘ನುಡಿ’ ತಂತ್ರಾಂಶದಲ್ಲಿ ಪಾಠದ ಟಿಪ್ಪಣಿಗಳನ್ನು ಬೆರಳಚ್ಚು ಮಾಡಿಕೊಳ್ಳಲು ನನಗೆ ಅದು ಸಾಕು. ಕಳೆದ ಮಳೆಗಾಲದಲ್ಲಿ ಅದಕ್ಕೊಂದು ವಿಚಿತ್ರ ವ್ಯಾಧಿ ಅಂಟಿಕೊಂಡಿತು. ಕೆಲವು ದಿನ ಬೆಳಿಗ್ಗೆ ಚಾಲೂ ಮಾಡಿದೊಡನೆ ಅದರ ಗಡಿಯಾರವು ೨೦೦೯ನೆಯ ಇಸವಿಯ ಜನವರಿ ಒಂದನೆಯ ತಾರೀಖನ್ನು ತೋರಿಸುತ್ತಿತ್ತು. ಆ ದಿನ ಅಂತರಜಾಲದ ಪುಟಗಳು ತೆರೆಯುತ್ತಿರಲಿಲ್ಲ. ಎಲ್ಲೆಲ್ಲಿಯೂ ತಾಣವು ಸುರಕ್ಷಿತವಲ್ಲವೆಂಬ ಎಚ್ಚರಿಕೆ. ಮತ್ತೆ ಕೆಲವು ದಿನ ಯಾವ ತೊಂದರೆಯೂ ಇಲ್ಲ. ಇದರಿಂದ ನಷ್ಟವೂ ಆಯಿತು. ಹೊಸದಾಗಿ ತಿದ್ದಿದ ಕಡತದ ಮೇಲೆ ೨೦೦೯ರ ತಾರೀಖು ಬಿದ್ದುದರಿಂದ ಅದನ್ನೇ ಹಳೆಯದೆಂದು ಭ್ರಮಿಸಿ, ಅದರ ಮೇಲೆ ಹಳೆಯ ಪ್ರತಿಯನ್ನು ನಕಲು ಮಾಡಿ, ಇಪ್ಪತ್ತು ಪುಟಗಳ ತಿದ್ದುಪಡಿಯನ್ನು ಕಳೆದುಕೊಂಡೆ.

ಒಬ್ಬ ದುರಸ್ತಿಗಾರರು ವೈರಸ್ ಎಂದು ಹೇಳಿ, ತಂತ್ರಾಂಶಗಳನ್ನೆಲ್ಲ ಅಳಿಸಿ ಮತ್ತೆ ತುಂಬಿಕೊಟ್ಟರು. ನಾಲ್ಕು ದಿನಗಳಲ್ಲಿ ವ್ಯಾಧಿ ಮರುಕಳಿಸಿತು. ಇನ್ನೊಬ್ಬರು ಯಂತ್ರದ ಆಯುಷ್ಯ ಮುಗಿಯಿತೆಂದರು. ನನ್ನ ನಿರ್ಣಯ ಮಾತ್ರ ಬೇರೆಯಾಗಿತ್ತು. ನಮ್ಮ ಮನೆಯಲ್ಲಿದ್ದು ಓದುತ್ತಿರುವ ಸೋದರಳಿಯ ರಾತ್ರಿ ಯಂತ್ರವನ್ನು ಬಳಸಿದ ಮರುದಿನವೇ ಈ ಉಪದ್ರವ ಕಾಣಿಸುತ್ತಿದ್ದುದನ್ನು ನಾನು ಗಮನಿಸಿದ್ದೆ. ‘ಆಟದ ಹುಚ್ಚಿಗೆ ತಾರೀಖು ಬದಲಿಸುತ್ತೀಯಾ?’ ಎಂದು ಮನೆಮಂದಿಯ ಎದುರಿಗೇ ಗದರಿಸಿದೆ. ‘ಇಲ್ಲ ಮಾವ, ನಾನೇನೂ ಮುಟ್ಟಿಲ್ಲ’ ಎಂದು ಅವನು ತಲೆ ತಗ್ಗಿಸಿದ. ಅಂದಿನಿಂದ ಆ ಕೋಣೆಗೆ ಬರುವುದನ್ನೇ ಬಿಟ್ಟ. ವ್ಯಾಧಿಯೂ ನಿಂತಿತು. ನನ್ನ ಅನುಮಾನವು ಸಿದ್ಧಾಂತವಾಯಿತು.

ಹುಡುಗ ಹಬ್ಬಕ್ಕೆಂದು ಊರಿಗೆ ಹೋಗಿದ್ದಾಗ ಒಂದು ರಾತ್ರಿಯೆಲ್ಲ ವಿದ್ಯುತ್ತಿರಲಿಲ್ಲ. ಮರುದಿನ ಯಂತ್ರವು ಪುನಃ ೨೦೦೯ಕ್ಕೆ ಹಿಂದಿರುಗಿತ್ತು! ಆಗ ನನಗೆ ಗುರುಗಳು ಹೇಳಿಕೊಟ್ಟ ತರ್ಕಶಾಸ್ತ್ರದ ‘ಉಪಾಧಿ’ ನೆನಪಾಯಿತು. ಹೊಗೆಯಿರುವಲ್ಲಿ ಬೆಂಕಿಯಿದೆ ಎಂಬುದು ಸರಿ. ಬೆಂಕಿಯಿರುವಲ್ಲೆಲ್ಲ ಹೊಗೆಯಿದೆ ಎಂಬುದು ತಪ್ಪು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಹುಟ್ಟಬೇಕಾದರೆ ಹಸಿಯ ಕಟ್ಟಿಗೆ ಬೇಕು. ಆ ಹಸಿಯ ಕಟ್ಟಿಗೆಯೇ ಉಪಾಧಿ. ಹಾಗಾದರೆ ಹುಡುಗನ ಜೊತೆಗೆ ಮರೆಯಾಗಿ ಬರುತ್ತಿದ್ದ ಉಪಾಧಿ ಯಾವುದು?

ಯೋಚಿಸಿದಾಗ ಹೊಳೆಯಿತು. ಅವನು ಯಂತ್ರವನ್ನು ಬಳಸಿದ ರಾತ್ರಿ ನಾನು ಮಲಗುವ ಮುನ್ನ ಆ ಕೋಣೆಗೆ ಹೋಗಿ, ಮಿತವ್ಯಯದ ಅಭಿಮಾನದಿಂದ ಗೋಡೆಯ ಸ್ವಿಚ್ಚನ್ನು ಆರಿಸುತ್ತಿದ್ದೆ. ನಾನೇ ಬಳಸಿದ ದಿನ ಯಂತ್ರವನ್ನಷ್ಟೇ ಮುಚ್ಚಿ, ಸ್ವಿಚ್ಚನ್ನು ಹಾಗೆಯೇ ಬಿಡುತ್ತಿದ್ದೆ. ಪರೀಕ್ಷಿಸಲು ಎಂಟು ರಾತ್ರಿ ಬೇರೇನನ್ನೂ ಬದಲಿಸದೆ, ಒಂದು ರಾತ್ರಿ ಸ್ವಿಚ್ಚನ್ನು ಆರಿಸಿ, ಮರುರಾತ್ರಿ ಹಾಗೆಯೇ ಬಿಟ್ಟು, ಫಲವನ್ನು ಪುಸ್ತಕದಲ್ಲಿ ಬರೆದಿಟ್ಟೆ. ಆರಿಸಿದ ನಾಲ್ಕು ಸಲವೂ ಯಂತ್ರ ಮರೆಯಿತು. ಬಿಟ್ಟ ನಾಲ್ಕು ಸಲವೂ ಮರೆಯಲಿಲ್ಲ. ಅನ್ವಯ ವ್ಯತಿರೇಕಗಳೆರಡೂ ಕೂಡಿದವು.

ಇದರ ಕಾರಣವು ಸರಳವಾದುದು. ೧೯೮೧ರಲ್ಲಿ ಬಂದ ಐ.ಬಿ.ಎಂ. ಕಂಪೆನಿಯ ಮೊದಲ ಪಿ.ಸಿ.ಯಲ್ಲಿ ಸ್ವಂತ ಗಡಿಯಾರವಿರಲಿಲ್ಲ. ಚಾಲೂ ಮಾಡಿದಾಗಲೆಲ್ಲ ಬಳಸುವವರೇ ತಾರೀಖನ್ನು ತುಂಬಬೇಕಾಗಿತ್ತು. ೧೯೮೪ರ ಪಿ.ಸಿ. ಎ.ಟಿ. ಮಾದರಿಯಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವನ್ನು ಒಳಗೇ ಇರಿಸಿದರು. ಅದರಲ್ಲಿರುವ ಸ್ಫಟಿಕವು ಸೆಕೆಂಡಿಗೆ ೩೨,೭೬೮ ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಬಾರಿ ಅರ್ಧಿಸಿದರೆ ಒಂದು ಸೆಕೆಂಡಿನ ಲೆಕ್ಕ ಸಿಗುತ್ತದೆ. ನಮ್ಮ ಮನೆಯ ಯಂತ್ರದ ಮದರ್‌ಬೋರ್ಡಿನಲ್ಲಿದ್ದುದು ಸಿ.ಆರ್. ೨೦೩೨ ಎಂಬ ಬಿಲ್ಲೆಯಂತಹ ಸೆಲ್ಲು. ೨೦ ಮಿಲಿಮೀಟರ್ ಅಗಲ, ೩.೨ ಮಿಲಿಮೀಟರ್ ದಪ್ಪ, ೩ ವೋಲ್ಟ್ ಶಕ್ತಿ. ಗೋಡೆಯಿಂದ ವಿದ್ಯುತ್ತು ಬರುತ್ತಿರುವವರೆಗೆ, ಯಂತ್ರವನ್ನು ಮುಚ್ಚಿದ್ದರೂ ಗಡಿಯಾರ ನಡೆಯುತ್ತದೆ. ಅದು ತಪ್ಪಿದಾಗ ಮಾತ್ರ ಈ ಸೆಲ್ಲಿನ ಆಧಾರ ಬೇಕು. ಮೀಟರಿನಲ್ಲಿ ಅಳೆದಾಗ ಎರಡೂವರೆ ವೋಲ್ಟೂ ಉಳಿದಿರಲಿಲ್ಲ. ಅಂತರಜಾಲದ ಮುನಿಸಿಗೂ ಇದೇ ಮೂಲ. ಪ್ರತಿ ಸುರಕ್ಷಿತ ತಾಣದ ಪ್ರಮಾಣಪತ್ರಕ್ಕೂ ಆರಂಭ ಮತ್ತು ಅಂತ್ಯದ ತಾರೀಖುಗಳಿರುತ್ತವೆ. ೨೦೦೯ರಲ್ಲಿ ನಿಂತ ಯಂತ್ರಕ್ಕೆ ಇಂದಿನ ಪ್ರಮಾಣಪತ್ರವು ಇನ್ನೂ ಹುಟ್ಟಿಯೇ ಇಲ್ಲ.

ಹುಡುಗ ಊರಿನಿಂದ ಬಂದ ದಿನ ಮನೆಮಂದಿಯ ಎದುರಿಗೇ ‘ತಪ್ಪು ನನ್ನದಪ್ಪ’ ಎಂದು ಒಪ್ಪಿಕೊಂಡೆ. ಪ್ಲಗ್ಗನ್ನು ಕಿತ್ತು, ಅವನ ಕೈಯಿಂದಲೇ ಹೊಸ ಸೆಲ್ಲನ್ನು ಹಾಕಿಸಿದೆ. ಐವತ್ತು ರೂಪಾಯಿಯೊಳಗೆ ವ್ಯಾಧಿ ಗುಣವಾಯಿತು. ಹಳೆಯ ಸೆಲ್ಲನ್ನು ಮಕ್ಕಳ ಕೈಗೆ ಸಿಗದಂತೆ ತೆಗೆದಿರಿಸಿದೆವು. ಮಗು ಇಂತಹ ಸೆಲ್ಲನ್ನು ನುಂಗಿದರೆ ಎರಡು ಗಂಟೆಗಳೊಳಗೆ ಅನ್ನನಾಳವೇ ಸುಟ್ಟುಹೋಗಬಹುದು.

ಹಳೆಯದೆಲ್ಲವನ್ನೂ ಉಳಿಸಿಕೊಳ್ಳಬೇಕೆಂಬುದು ನನ್ನ ವಾದವಲ್ಲ. ಭದ್ರತೆಯ ಪರಿಷ್ಕರಣೆ ನಿಂತುಹೋದ ತಂತ್ರಾಂಶವುಳ್ಳ ಯಂತ್ರವನ್ನು ಅಂತರಜಾಲಕ್ಕೆ ಒಡ್ಡುವುದು ಅಪಾಯವೇ ಸರಿ. ಆದರೆ ಪರೀಕ್ಷಿಸದೆ ಗುಜರಿಗೆ ಹಾಕುವುದು ದಾನಿಗಳು ಕೊಟ್ಟ ವಸ್ತುವಿಗೆ ತೋರುವ ಅನಾದರ. ಶಾಲೆಯಲ್ಲಿ ಕೆಟ್ಟು ಮೂಲೆ ಸೇರಿದ ಯಂತ್ರವೊಂದಿದ್ದರೆ ಅದನ್ನು ಪ್ರೌಢಶಾಲೆಯ ಮಕ್ಕಳ ಮುಂದಿರಿಸಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲವನ್ನು ಬರೆದಿಡುವ ಅಭ್ಯಾಸವನ್ನು ಅಧ್ಯಾಪಕರ ಕಣ್ಣೆದುರಿನಲ್ಲಿ ಮಾಡಿಸಬೇಕು. ತರ್ಕವನ್ನು ಕಲಿಸಲು ಇದಕ್ಕಿಂತ ಅಗ್ಗದ ಪ್ರಯೋಗಶಾಲೆ ಇಲ್ಲ.

ಇದಕ್ಕೂ ಮಿಗಿಲಾದ ಮಾತೊಂದಿದೆ. ಮೂವತ್ತು ವರ್ಷ ಪಾಠ ಹೇಳಿದ ನಾನು, ಎರಡು ಸಂಗತಿಗಳು ಜೊತೆಯಾಗಿ ಕಂಡವೆಂಬ ಮಾತ್ರಕ್ಕೆ ಹುಡುಗನನ್ನು ಅಪರಾಧಿಯೆಂದು ತೀರ್ಮಾನಿಸಿಬಿಟ್ಟೆ. ಸ್ವಿಚ್ಚನ್ನು ಆರಿಸುತ್ತಿದ್ದ ಕೈ ನನ್ನದೇ ಆಗಿತ್ತು. ತರಗತಿಯಲ್ಲಿ ಏನಾದರೂ ಮುರಿದಾಗ, ಕಳೆದಾಗ, ನಮ್ಮ ಬೆರಳು ತಟ್ಟನೆ ಯಾವ ಹುಡುಗನ ಕಡೆಗೆ ಚಾಚುತ್ತದೆಂಬುದನ್ನು ಅಧ್ಯಾಪಕ ಬಂಧುಗಳು ಒಮ್ಮೆ ನೆನೆದುಕೊಳ್ಳಲಿ. ಯಂತ್ರದ ಮರೆವಿಗೆ ಹೊಸ ಸೆಲ್ಲು ಸಾಕು. ಸುಮ್ಮಸುಮ್ಮನೆ ಬೈಸಿಕೊಂಡ ಮಗುವಿನ ಮನಸ್ಸು ಅಷ್ಟು ಬೇಗ ಸರಿಯಾಗುವುದಿಲ್ಲ. ನನ್ನ ಸೋದರಳಿಯ ಈಗ ಆ ಕೋಣೆಗೆ ಮತ್ತೆ ಬರುತ್ತಿದ್ದಾನೆ. ಆದರೆ ಯಂತ್ರವನ್ನು ಮುಟ್ಟುವ ಮೊದಲು ‘ಮಾವ, ಬಳಸಲೇ?’ ಎಂದು ಇಂದಿಗೂ ಕೇಳುತ್ತಾನೆ.