ಮನೆಯ ಕೋಳಿ, ಊರಿನ ಹೊಣೆ

ಕೋಳಿ ಸಾಕುವುದು ಹೆಂಗಸರು ಬಿಡುವಿನಲ್ಲಿ ಮಾಡತಕ್ಕ ಕೆಲಸವೆಂದೂ, ಜಮೀನು, ದನಕರು, ನೀರಾವರಿಗಳನ್ನು ವಿಚಾರಿಸತಕ್ಕ ಯಜಮಾನರಿಗೆ ಅದರ ಗೊಡವೆ ಬೇಡವೆಂದೂ ನಮ್ಮ ಗ್ರಾಮಗಳಲ್ಲಿ ಒಂದು ಅಭಿಪ್ರಾಯವುಂಟು. ಮರಿ ಮಾಡಿಸುವ ಮಟ್ಟಿಗೆ ಇದು ಸರಿಯಾಗಿರಬಹುದು. ಆದರೆ ಮಾಡಿಸಿದ ಮರಿ ಬದುಕಿ ಉಳಿಯಬೇಕಾದರೆ ಊರಿನ ಮುಖಂಡರೂ ಹಿಡುವಳಿದಾರರೂ ಕೈಹಾಕಲೇಬೇಕೆಂದು ವಿಜ್ಞಾಪಿಸುವುದೇ ಈ ಲೇಖನದ ಉದ್ದೇಶ.

ಮರಿ ಮಾಡಿಸುವುದಕ್ಕೆ ಯಂತ್ರವೇನೂ ಬೇಡ. ನಾಟಿ ಹೇಂಟೆಯು ಹನ್ನೆರಡು ಹದಿನೈದು ಮೊಟ್ಟೆಗಳನ್ನಿಟ್ಟು ತಾನಾಗಿಯೇ ಕಾವಿಗೆ ಬರುತ್ತದೆ. ಎಂಟು ಹತ್ತು ಹೇಂಟೆಗಳಿಗೆ ಒಂದು ಒಳ್ಳೆಯ ಹುಂಜವಿದ್ದರೆ ಮೊಟ್ಟೆಗಳಲ್ಲಿ ಜೀವ ಕಟ್ಟುವುದಕ್ಕೆ ಸಾಕು. ಒಂದು ವಾರಕ್ಕಿಂತ ಹಳೆಯದಲ್ಲದ, ಬಿರುಕಿಲ್ಲದ, ಮಧ್ಯಮ ಗಾತ್ರದ 10 ರಿಂದ 12 ಮೊಟ್ಟೆಗಳನ್ನು ಆರಿಸತಕ್ಕದ್ದು, ಅವುಗಳನ್ನು ತೊಳೆಯಕೂಡದು. ಬುಟ್ಟಿಯಲ್ಲಿ ಮರಳು, ಅದರ ಮೇಲೆ ಒಣಹುಲ್ಲು ಹಾಸಿ, ಹೇಂಟೆಯ ಮೈಗೆ ಬೂದಿ ತಿಕ್ಕಿ ಹೇನು ಕಳೆದು, ಸಂಜೆಯ ಹೊತ್ತು ಕತ್ತಲೆಯ ಮೂಲೆಯಲ್ಲಿ ಕೂರಿಸಬೇಕು. ಕಾಳೂ ನೀರೂ ಹತ್ತಿರದಲ್ಲಿಯೇ ಇರಲಿ. ಏಳನೆಯ ರಾತ್ರಿ ಪ್ರತಿಯೊಂದು ಮೊಟ್ಟೆಯನ್ನೂ ಬ್ಯಾಟರಿ ದೀಪಕ್ಕೆ ಹಿಡಿದು ನೋಡಿದರೆ, ಜೀವವಿರುವುದರಲ್ಲಿ ಜೇಡರ ಬಲೆಯಂತೆ ರಕ್ತನಾಳಗಳು ಕಾಣುತ್ತವೆ. ಏನೂ ಕಾಣದೆ ತಿಳಿಯಾಗಿರುವುದನ್ನು ತೆಗೆದುಬಿಡಬೇಕು. ಎರಡು ಹೇಂಟೆಗಳನ್ನು ಒಂದೇ ದಿನ ಕೂರಿಸಿದ್ದರೆ, ಹೊರಟ ಮರಿಗಳನ್ನೆಲ್ಲ ಒಂದಕ್ಕೇ ಒಪ್ಪಿಸಿ ಇನ್ನೊಂದನ್ನು ಬೇಗನೆ ಮತ್ತೆ ಮೊಟ್ಟೆಗೆ ತರಬಹುದು. ಹದಿನೆಂಟನೆಯ ದಿನದಿಂದಾಚೆಗೆ ಮೊಟ್ಟೆಗಳನ್ನು ಮುಟ್ಟಕೂಡದು. ಇಪ್ಪತ್ತೊಂದನೆಯ ದಿನ ಮರಿಗಳು ಹೊರಬರುತ್ತವೆ. ಮೊದಲ ಮೂರು ನಾಲ್ಕು ವಾರ ಹದ್ದು, ಕಾಗೆ, ಮುಂಗುಸಿಗಳ ಬಾಯಿಂದ ತಪ್ಪಿಸಿ, ರಾಗಿ, ಅಕ್ಕಿನುಚ್ಚು, ಗೆದ್ದಲು ಹಾಕಿದರೆ ಮರಿಗಳು ಚೆನ್ನಾಗಿ ಏಳುತ್ತವೆ.

ಇಷ್ಟನ್ನು ನಮ್ಮ ಹೆಣ್ಣುಮಕ್ಕಳು ಬಹುಮಟ್ಟಿಗೆ ಬಲ್ಲರು. ಹೀಗಿದ್ದೂ ಮನೆಯ ಕೋಳಿಯ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏಕೆ ಹೆಚ್ಚುವುದಿಲ್ಲ? ಇದಕ್ಕೆ ಮುಖ್ಯ ಕಾರಣ ಕೊಕ್ಕರೆ ರೋಗ. 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲಿಯೂ ಗುರುತಿಸಲ್ಪಟ್ಟ ಈ ಜಾಡ್ಯಕ್ಕೆ, ಕುಮಾವೂ ಬೆಟ್ಟಸೀಮೆಯ ಊರೊಂದರ ಹೆಸರಿನಿಂದ ರಾಣಿಖೇತ ರೋಗವೆಂದೂ ನಾಮಧೇಯವುಂಟು. ಕೋಳಿ ತೂಕಡಿಸುತ್ತದೆ, ಬಾಯ್ದೆರೆದು ಉಸಿರೆಳೆಯುತ್ತದೆ, ಹಸುರಾಗಿ ಭೇದಿಯಾಗುತ್ತದೆ, ಕೊರಳು ತಿರುಚಿಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ಕೇರಿಗೆ ಕೇರಿಯೇ ಬರಿದಾಗುತ್ತದೆ. ಬಂದ ಮೇಲೆ ಇದಕ್ಕೆ ಔಷಧವಿಲ್ಲ.

ಬಾರದಂತೆ ತಡೆಯುವ ಲಸಿಕೆಯಾದರೋ ಇದೆ. ಐದರಿಂದ ಏಳು ದಿನದ ಮರಿಗೆ ಕಣ್ಣಿಗೋ ಮೂಗಿಗೋ ಒಂದು ತೊಟ್ಟು. ಎಂಟು ವಾರ ತುಂಬಿದ ಮೇಲೆ ಸೂಜಿಮದ್ದು. ತೊಡಕಿರುವುದು ಬೇರೆ ಕಡೆ. ಲಸಿಕೆಯ ಒಂದು ಶೀಶೆ ನೂರು ಕೋಳಿಗೋ ಅದಕ್ಕಿಂತ ಹೆಚ್ಚಿಗೋ ಆಗುವಷ್ಟಿರುತ್ತದೆ. ಅದನ್ನು ಮಂಜುಗಡ್ಡೆಯಲ್ಲಿಟ್ಟು ತರಬೇಕು. ಕಲಸಿದ ಮೇಲೆ ಒಂದೆರಡು ಗಂಟೆಗಳೊಳಗೆ ಮುಗಿಸಬೇಕು. ಐದಾರು ಕೋಳಿ ಸಾಕಿರುವ ಬಡ ಹೆಂಗಸು ಒಬ್ಬಳೇ ಇದನ್ನು ಹೇಗೆ ಮಾಡಿಸಿಯಾಳು? ಮಾಡಿಸಿದರೂ ನೆರೆಮನೆಯ ಕೋಳಿಗಳಿಗೆ ಲಸಿಕೆಯಿಲ್ಲದಿದ್ದರೆ ರೋಗವು ಊರನ್ನು ಬಿಡದೆ, ಮುಂದೆ ಹುಟ್ಟುವ ಮರಿಗಳಿಗಾಗಿ ಕಾದಿರುತ್ತದೆ. ಆದಕಾರಣ ಇದು ಮನೆಯೊಂದರ ಕೆಲಸವಲ್ಲ, ಊರಿನ ಕೆಲಸ.

ನಾವು ಸೂಚಿಸುವುದಿಷ್ಟು. ಪ್ರತಿ ಗ್ರಾಮದ ಮುಖಂಡರು ವರ್ಷಕ್ಕೆರಡಾವರ್ತಿ, ಅದರಲ್ಲಿ ಒಂದನ್ನು ಬೇಸಗೆಗೆ ಮುಂಚೆಯೇ, ಪಶುವೈದ್ಯರೊಡನೆ ದಿನವನ್ನು ಗೊತ್ತುಮಾಡಿ ಡಂಗುರ ಹಾಕಿಸಲಿ. ಬೆಳಗಿನ ಜಾವ, ಕೋಳಿ ಮುಚ್ಚಿದ ಕುಕ್ಕೆಗಳನ್ನು ಎತ್ತುವುದಕ್ಕೆ ಮೊದಲೇ, ಎಲ್ಲ ಕೇರಿಗಳ ಆರೋಗ್ಯವಾದ ಕೋಳಿಗಳಿಗೂ ಲಸಿಕೆಯಾಗಲಿ. ನಡುವೆ ಹುಟ್ಟುವ ಮರಿಗಳು ತಪ್ಪಿಹೋಗದಂತೆ, ನಾಲ್ಕಾರು ಮನೆಯವರು ಒಂದೇ ವಾರದಲ್ಲಿ ಕಾವಿಗೆ ಕೂರಿಸುವ ಏರ್ಪಾಟು ಮಾಡಿಕೊಳ್ಳಲಿ. ರೋಗದ ಕೋಳಿಯನ್ನು ಸಂತೆಗೆ ಸಾಗಿಸಕೂಡದೆಂದೂ, ಸತ್ತದ್ದನ್ನು ತಿಪ್ಪೆಗೆಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಬೇಕೆಂದೂ ಊರೊಟ್ಟಿನ ಕಟ್ಟುಪಾಡಾಗಲಿ.

ಉತ್ತಮ ತಳಿಗಳನ್ನು ಹಂಚಿದರೆ ಸಾಲದೇ ಎಂದು ಕೆಲವರು ಕೇಳುವುದುಂಟು. ಬೆಂಗಳೂರಿನಲ್ಲಿ ಸಿದ್ಧವಾದ ಗಿರಿರಾಜ, ಸ್ವರ್ಣಧಾರಾ ತಳಿಗಳು ನಾಟಿಗಿಂತ ಹೆಚ್ಚು ಮೊಟ್ಟೆಯಿಡುತ್ತವೆಂಬುದು ನಿಜ. ಆದರೆ ಲಸಿಕೆಯಿಲ್ಲದಿದ್ದರೆ ಕೊಕ್ಕರೆ ರೋಗಕ್ಕೆ ಅವೂ ತುತ್ತೇ. ರೋಗಕ್ಕೆ ತಡೆಯಿಲ್ಲದ ಊರಿಗೆ ಹೊಸ ತಳಿಯನ್ನು ತರುವುದು ಏರಿ ಒಡೆದ ಕೆರೆಗೆ ನೀರು ಹಾಯಿಸಿದಂತೆ.

ಇಷ್ಟು ಒಗ್ಗಟ್ಟು ನಮ್ಮವರಿಂದ ಸಾಧ್ಯವೇ ಎಂಬ ಸಂದೇಹ ಬೇಡ. ದನಗಳ ದೊಡ್ಡರೋಗವನ್ನು ನೆನೆಯಿರಿ. ಊರೂರಿನ ದನಗಳನ್ನೆಲ್ಲ ಒಟ್ಟುಗೂಡಿಸಿ ಲಸಿಕೆ ಹಾಕಿಸಿದ್ದರ ಫಲವಾಗಿ ಆ ಮಾರಿಯು 2011ರಲ್ಲಿ ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ಎತ್ತಿಗೆ ತೋರಿಸಿದ ಶ್ರದ್ಧೆಯನ್ನು ಕೋಳಿಗೂ ತೋರಿಸಬಾರದೇಕೆ?

ಹಿಡುವಳಿದಾರರಿಗೆ ನಾಲ್ಕು ಕೋಳಿ ಸತ್ತರೆ ದೊಡ್ಡ ನಷ್ಟವಾಗದಿರಬಹುದು. ಆದರೆ ಭೂಮಿಯಿಲ್ಲದ ಕೂಲಿಯವಳಿಗೆ ಆ ನಾಲ್ಕು ಕೋಳಿಗಳೇ ಕಷ್ಟಕಾಲದ ಗಂಟು. ಮಗುವಿನ ಔಷಧಕ್ಕೂ ಪುಸ್ತಕಕ್ಕೂ ಅವಳು ಕೈಹಾಕುವುದು ಅದಕ್ಕೇ. ಅದನ್ನು ಕಾಪಾಡುವುದಕ್ಕೆ ಯಜಮಾನರು ಕೊಡಬೇಕಾದದ್ದು ವರ್ಷದಲ್ಲಿ ಎರಡು ಮುಂಜಾವು ಮಾತ್ರ. ಮುಂದಿನ ಬೇಸಗೆಗೆ ಮೊದಲು ತಮ್ಮ ಊರಿನಲ್ಲಿ ಇದು ಆರಂಭವಾಗುವುದೆಂದು ನಂಬಿದ್ದೇವೆ.